ನುಡಿಸಲರಿಯದ ವಾದ್ಯಶಿಲ್ಪಿ: ಲಾರೆನ್ಸ್ ಹ್ಯಾಮಂಡ್

ವಿದ್ಯುತ್ ಕೀಬೋರ್ಡಿನ ಮುಂದೆ ಮೊದಲ ಸಲ ಕುಳಿತವನನ್ನು ಬಿಳಿ ಕರಿ ಮನೆಗಳಿಗಿಂತಲೂ ಅವುಗಳ ಮೇಲಿರುವ ಗುಂಡಿಗಳೇ ಹೆಚ್ಚು ದಿಗಿಲುಗೊಳಿಸುತ್ತವೆ. ಒಂದನ್ನು ಒತ್ತಿದರೆ ಕೊಳಲು, ಇನ್ನೊಂದನ್ನು ಒತ್ತಿದರೆ ಆರ್ಗನ್ನು. ಇದು ಇಂದ್ರಜಾಲವಲ್ಲ, ಇದರ ಹಿಂದೆ ನಾದದ ಒಂದು ಸರಳ ನಿಯಮವಿದೆ. ಆ ನಿಯಮವನ್ನು ನುಡಿಸುವವನ ಬೆರಳಿಗೆ ನಿಲುಕುವಂತೆ ಮಾಡಿದವರಲ್ಲಿ ಅಗ್ರಗಣ್ಯನು ಸಂಗೀತಗಾರನಲ್ಲ, ಗಡಿಯಾರಗಳನ್ನು ತಯಾರಿಸುತ್ತಿದ್ದ ಇಂಜಿನಿಯರು. ಆತನೇ ಅಮೆರಿಕದ ಲಾರೆನ್ಸ್ ಹ್ಯಾಮಂಡ್.

ಹ್ಯಾಮಂಡನು 1895ರ ಜನವರಿ 11ರಂದು ಇಲಿನಾಯ್ ಸಂಸ್ಥಾನದ ಇವಾನ್‌ಸ್ಟನ್ನಿನಲ್ಲಿ ಜನಿಸಿದನು. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ತಾಯಿ ಮಕ್ಕಳೊಡನೆ ಯೂರೋಪಿಗೆ ತೆರಳಿದ್ದರಿಂದ ಆತನ ಬಾಲ್ಯವು ಬಹುಮಟ್ಟಿಗೆ ಅಲ್ಲಿಯೇ ಕಳೆಯಿತು. ಸ್ವದೇಶಕ್ಕೆ ಮರಳಿದ ಮೇಲೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಯಂತ್ರಶಿಲ್ಪವನ್ನು ಅಭ್ಯಸಿಸಿ 1916ರಲ್ಲಿ ಪದವೀಧರನಾದನು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದೊಡನೆ ಫ್ರಾನ್ಸಿಗೆ ಹೋಗಿಬಂದನು.

ಆತನ ಬುದ್ಧಿಯು ಒಂದೆಡೆ ನಿಲ್ಲುವಂಥದ್ದಲ್ಲ. 1922ರಲ್ಲಿ ನ್ಯೂಯಾರ್ಕಿನಲ್ಲಿ ಆಳ ಕಾಣುವ ಚಲನಚಿತ್ರವನ್ನು ಪ್ರದರ್ಶಿಸಿದನು. ಜನರು ಬೆರಗಾದರು, ವ್ಯಾಪಾರ ಮಾತ್ರ ಕುದುರಲಿಲ್ಲ. 1928ರಲ್ಲಿ ಗಡಿಯಾರದ ಕಂಪೆನಿಯನ್ನು ಸ್ಥಾಪಿಸಿದನು. ಅಮೆರಿಕದ ವಿದ್ಯುತ್ಪ್ರವಾಹವು ಸೆಕೆಂಡಿಗೆ 60 ಆವರ್ತನಗಳಂತೆ ಹರಿಯುತ್ತದೆ. ಅದರ ತಾಳಕ್ಕೆ ತಪ್ಪದೆ ಸುತ್ತುವ ಮೋಟಾರೇ ಆ ಗಡಿಯಾರಗಳ ಜೀವಾಳ. ಆದರೆ ಆರ್ಥಿಕ ಮುಗ್ಗಟ್ಟು ಬಂದಿತು. ಗಡಿಯಾರಗಳನ್ನು ಕೊಳ್ಳುವವರು ಕಡಮೆಯಾದರು. ಕಾರ್ಖಾನೆ ಉಳಿಯಬೇಕಾದರೆ ಹೊಸದೊಂದು ಸರಕು ಬೇಕಾಗಿದ್ದಿತು.

ಆಗ ಆತನು ಹಳೆಯ ಪಿಯಾನೋ ಒಂದನ್ನು ಕೊಂಡು, ಅದರ ಮನೆಗಳನ್ನಷ್ಟೇ ಉಳಿಸಿಕೊಂಡು ಪ್ರಯೋಗಕ್ಕೆ ತೊಡಗಿದನು. ಅಂಚಿನಲ್ಲಿ ಉಬ್ಬುತಗ್ಗುಗಳುಳ್ಳ 91 ಲೋಹದ ಚಕ್ರಗಳನ್ನು ಅದೇ ಬಗೆಯ ಮೋಟಾರು ತಿರುಗಿಸುತ್ತಿದ್ದಿತು. ಪ್ರತಿ ಚಕ್ರದ ಬಳಿಯಲ್ಲೂ ತಂತಿ ಸುತ್ತಿದ ಒಂದು ಅಯಸ್ಕಾಂತ. ಚಕ್ರ ಸುತ್ತಿದಂತೆ ತಂತಿಯಲ್ಲಿ ವಿದ್ಯುತ್ತಿನ ಅಲೆಯೇಳುವುದು. ಅದೇ ಧ್ವನಿವರ್ಧಕದಲ್ಲಿ ಸ್ವರವಾಗುವುದು. ಮೋಟಾರಿನ ವೇಗ ಕದಲದಿರುವುದರಿಂದ ಶ್ರುತಿಯೂ ಕದಲದು. ಈ ತತ್ತ್ವವು ಪೂರ್ಣವಾಗಿ ಹೊಸದಲ್ಲ. ಥ್ಯಾಡಿಯಸ್ ಕೇಹಿಲನು ಇದೇ ದಾರಿಯಲ್ಲಿ ಮೊದಲೇ ನಡೆದಿದ್ದನು. ಆದರೆ ಆತನ ಯಂತ್ರದ ತೂಕ ಸುಮಾರು 200 ಟನ್ನು! ಹ್ಯಾಮಂಡನು ಅದನ್ನು ಮನೆಯ ಮೂಲೆಯಲ್ಲಿಡುವಷ್ಟು ಚಿಕ್ಕದಾಗಿಸಿದನು. 1934ರ ಜನವರಿ 19ರಂದು ಅರ್ಜಿ ಹಾಕಿ, ಏಪ್ರಿಲ್ 24ರಂದು ಪೇಟೆಂಟನ್ನು ಪಡೆದನು. ಮರುವರ್ಷ ವಾದ್ಯವು ಮಾರುಕಟ್ಟೆಗೆ ಬಂದಿತು.

ಆದರೆ ಆತನ ನಿಜವಾದ ಕೊಡುಗೆಯಿರುವುದು ಮನೆಗಳ ಮೇಲಿನ ಸರಳುಗಳಲ್ಲಿ. ತಂಬೂರಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಷಡ್ಜದ ತಂತಿಯೊಂದನ್ನೇ ಮೀಟಿದರೂ ಅದರೊಳಗಿನಿಂದ ಮೇಲಿನ ಷಡ್ಜ, ಪಂಚಮಗಳೂ ಅಂತರ ಗಾಂಧಾರವೂ ತಾವಾಗಿಯೇ ಹೊಮ್ಮುತ್ತವೆ. ಈ ಉಪಸ್ವರಗಳ ಹೆಚ್ಚುಕಡಮೆಯೇ ಒಂದು ವಾದ್ಯದ ದನಿಯನ್ನು ಇನ್ನೊಂದರಿಂದ ಬೇರ್ಪಡಿಸುವ ಮುಖ್ಯ ಕಾರಣ. ಹ್ಯಾಮಂಡನು ಅವುಗಳಿಗೆ ಒಂಬತ್ತು ಸರಳುಗಳನ್ನಿಟ್ಟನು. ಒತ್ತಿದ ಮನೆಯೇ ಷಡ್ಜವೆಂದಿಟ್ಟುಕೊಂಡರೆ, ಮೊದಲನೆಯದು ಕೆಳಗಿನ ಸ್ಥಾಯಿಯ ಷಡ್ಜ, ಎರಡನೆಯದು ಪಂಚಮ, ಮೂರನೆಯದು ಮೂಲಸ್ವರ. ಉಳಿದವು ಮೇಲಿನ ಸ್ಥಾಯಿಗಳ ಷಡ್ಜ, ಪಂಚಮ, ಗಾಂಧಾರಗಳು. ಪ್ರತಿಯೊಂದನ್ನೂ 0ಯಿಂದ 8ರವರೆಗೆ ಎಳೆಯಬಹುದು. ಮೂರನೆಯದನ್ನು ಮಾತ್ರ ಎಳೆದರೆ ಕೊಳಲಿನಂಥ ದನಿ. ಅದರೊಡನೆ ಮೇಲಿನ ಸ್ಥಾಯಿಯ ಪಂಚಮ, ಗಾಂಧಾರಗಳನ್ನು ಬೆರೆಸಿದರೆ ಕ್ಲಾರಿನೆಟ್ಟಿನ ಛಾಯೆ. ಅಡಿಗೆಯವನು ಉಪ್ಪು ಹುಳಿ ಖಾರಗಳನ್ನು ಹದವರಿತು ಹಾಕುವಂತೆ ನುಡಿಸುವವನು ನಾದವನ್ನು ತಾನೇ ಹದಗೊಳಿಸಬಹುದು. ಲೆಕ್ಕ ಹಾಕಿದರೆ ಸರಳುಗಳನ್ನು ಇರಿಸುವ ಬಗೆಗಳು 38,74,20,489!

ಈ ಹೇರಳ ಸಂಖ್ಯೆಯ ಮೋಹವೇ ಕಂಪೆನಿಯನ್ನು ತೊಡಕಿಗೆ ಸಿಕ್ಕಿಸಿತು. ಕೊಳವೆ ಆರ್ಗನ್ನಿನ ಎಲ್ಲ ದನಿಗಳೂ ತನ್ನ ವಾದ್ಯದಲ್ಲಿವೆಯೆಂದು ಅದು ಸಾರಿದಾಗ, ಅಮೆರಿಕ ಸರ್ಕಾರದ ವಾಣಿಜ್ಯ ಆಯೋಗವು ಆಕ್ಷೇಪಿಸಿತು. ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾರ್ಥನಾಮಂದಿರದಲ್ಲಿ ಎರಡು ವಾದ್ಯಗಳನ್ನೂ ಮರೆಯಲ್ಲಿ ನುಡಿಸಿ ಪರೀಕ್ಷಿಸಲಾಯಿತು. ಕೇಳಿದವರು ಹಲವು ಸಲ ತಪ್ಪಿದರು. ಆದರೂ 1938ರಲ್ಲಿ ಆಯೋಗವು ಅತಿಶಯದ ಜಾಹೀರಾತುಗಳನ್ನು ನಿಲ್ಲಿಸುವಂತೆ ಆಜ್ಞಾಪಿಸಿತು. ಇದು ನ್ಯಾಯವೇ. ಆ ಸರಳುಗಳಲ್ಲಿ ಏಳನೆಯ ಉಪಸ್ವರಕ್ಕೆ ಸ್ಥಾನವಿರಲಿಲ್ಲ. ಗಾಂಧಾರವೂ ತಂಬೂರಿಯ ಸಹಜ ಗಾಂಧಾರಕ್ಕಿಂತ ಕೊಂಚ ಏರಿದ್ದಿತು. ವಾದ್ಯವು ಒಳ್ಳೆಯದಾಗಿದ್ದಿತು, ಅದರ ಬಗೆಗಿನ ಮಾತು ಅಳತೆ ಮೀರಿದ್ದಿತು.

ಹ್ಯಾಮಂಡನು 1973ರ ಜುಲೈ ತಿಂಗಳಲ್ಲಿ ಕಾಲವಾದನು. ತನ್ನ ವಾದ್ಯವನ್ನು ಚೆನ್ನಾಗಿ ನುಡಿಸಲು ಆತನು ಕೊನೆಗೂ ಕಲಿಯಲಿಲ್ಲ. ಮನೆ ಒತ್ತಿದಾಗ ಕೇಳುತ್ತಿದ್ದ ಟಕ್ಕೆಂಬ ಸದ್ದನ್ನು ಆತನ ಕಡೆಯ ಇಂಜಿನಿಯರುಗಳು ದೋಷವೆಂದೆಣಿಸಿದ್ದರು. ಜಾಸ್ ವಾದಕರಿಗೋ ಅದೇ ಇಷ್ಟವಾಯಿತು. ಇಂದಿನ ಕೀಬೋರ್ಡುಗಳು ಚಕ್ರಗಳಿಲ್ಲದೆಯೇ ಆ ಸದ್ದನ್ನೂ ಅನುಕರಿಸುತ್ತವೆ. ಹಲವು ಕೀಬೋರ್ಡುಗಳಲ್ಲಿ ಆ ಒಂಬತ್ತು ಸರಳುಗಳೂ ಉಳಿದಿವೆ. ಸಿದ್ಧದನಿಯ ಗುಂಡಿಯನ್ನು ಒತ್ತುವುದು ಯಾರಿಗೂ ಸಾಧ್ಯ. ಸರಳುಗಳನ್ನು ಒಂದೊಂದಾಗಿ ಎಳೆದು ಕಿವಿಗೊಟ್ಟು ಕೇಳುವವನಿಗೆ ಮಾತ್ರ, ಒಂದೆಂದು ತೋರುವ ಸ್ವರದೊಳಗೆ ಎಷ್ಟು ಸ್ವರಗಳು ಕೂಡಿ ಬಾಳುತ್ತಿವೆಯೆಂಬುದು ತಿಳಿಯುವುದು.