ಹಳದಿ ಕೊರಳಿನ ಗುಬ್ಬಿ

ಗದಗ ಜಿಲ್ಲೆಯ ರೋಣ, ನರಗುಂದಗಳ ಸೀಮೆ ಬಹುಮಟ್ಟಿಗೆ ಎರೆಯ ನಾಡು. ಕಣ್ಣು ಹಾಯುವವರೆಗೆ ಹರಡಿದ ಕಪ್ಪು ಹೊಲಗಳಲ್ಲಿ ಹಿಂಗಾರಿನ ಜೋಳ, ಕಡಲೆ, ಕುಸುಬೆಗಳು ಬೆಳೆಯುತ್ತವೆ. ಜೋಳದ ತೆನೆ ಹಾಲುಗಾಳಾಗುವ ಹೊತ್ತಿಗೆ ಹಕ್ಕಿಗಳು ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುತ್ತವೆ. ರೈತನು ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಅವುಗಳನ್ನು ಓಡಿಸುವುದು ಈ ಕಡೆಯ ಹಳೆಯ ವಾಡಿಕೆ. ಹಾಗೆ ಓಡಿಸುವವನು ಹಕ್ಕಿಯ ಹಗೆಯಲ್ಲ; ತನ್ನ ತುತ್ತನ್ನು ಕಾಯುವವನು. ಆದರೆ ಇಂಥ ಬಯಲುಗಳಲ್ಲಿ ಗೌಜಲಕ್ಕಿಗೂ ಲಾವುಗೆಗೂ ಬಲೆ ಒಡ್ಡುವವರು ಇದ್ದರು. ಬಂದೂಕು ಹಿಡಿದು ಬರುವವರೂ ಇದ್ದರು. ಅವರಲ್ಲಿ ಕೆಲವರಿಗೆ ಹಕ್ಕಿಯ ಮಾಂಸ ಆ ದಿನದ ಅನ್ನ, ಕೆಲವರಿಗೆ ಬಾಯಿಚಪಲ, ಇನ್ನು ಕೆಲವರಿಗೆ ಬೇಟೆ ಬರಿಯ ವಿನೋದ. ಕೊಲ್ಲುವ ಕೆಲಸ ಒಂದೇ ಆದರೂ ಕೊಲ್ಲುವ ಕಾರಣಗಳು ಒಂದೇ ಅಲ್ಲ.

ಕಾಡುಹಕ್ಕಿಯನ್ನು ಕೊಂದು ತಿನ್ನುವುದು ಸರಿಯೇ? ಸರಿಯಾದರೆ ಯಾವಾಗ, ಎಷ್ಟು? ತಪ್ಪಾದರೆ ಏಕೆ? ಈ ಪ್ರಶ್ನೆಗಳನ್ನು ತನ್ನ ಬಾಳಿನುದ್ದಕ್ಕೂ ಎದುರಿಸಿದ ಒಬ್ಬ ಮಹನೀಯರು ನಮ್ಮ ದೇಶದಲ್ಲಿ ಆಗಿಹೋದರು. ವಿಚಿತ್ರವೆಂದರೆ, ಹಕ್ಕಿಗಳ ಬಂಧುವೆಂದು ಲೋಕವೇ ಕೊಂಡಾಡಿದ ಆ ಮಹನೀಯರ ಬಾಳು ಆರಂಭವಾದದ್ದು ಹಕ್ಕಿಗಳ ಬೇಟೆಯಿಂದಲೇ. ಅವರೇ ಡಾ. ಸಲೀಂ ಅಲಿ.

ಸಲೀಂ ಅಲಿ ಅವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಹಲವು ಮಕ್ಕಳಿದ್ದ ಆ ಮನೆಯಲ್ಲಿ ಅವರೇ ಕೊನೆಯವರು. ಎಳವೆಯಲ್ಲಿಯೇ ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡ ಬಾಲಕನನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಮನೆಯ ಮಗನಂತೆ ಸಾಕಿದರು. ಮಾವನವರು ಬೇಟೆಯ ಪ್ರಿಯರು. ಆ ಕಾಲದ ಸ್ಥಿತಿವಂತರ ಮನೆಗಳಲ್ಲಿ ಬೇಟೆಯು ಗೌರವದ ಹವ್ಯಾಸವೆನಿಸಿತ್ತು. ಆದ್ದರಿಂದ ಬಾಲಕನ ಕೈಗೂ ಒಂದು ಗಾಳಿಬಂದೂಕು ಬಂದಿತು. ಗುಬ್ಬಿಗಳನ್ನು ಹೊಡೆಯುವುದು ಅವನ ನಿತ್ಯದ ಆಟವಾಯಿತು.

ಒಮ್ಮೆ ಗೂಡಿನ ಬಾಯಲ್ಲಿ ಕಾವಲು ಕುಳಿತಿದ್ದ ಒಂದು ಗಂಡುಗುಬ್ಬಿಯನ್ನು ಅವನು ಹೊಡೆದನು. ಗೂಡಿನೊಳಗೆ ಹೆಣ್ಣುಗುಬ್ಬಿ ಇತ್ತು. ಸ್ವಲ್ಪ ಹೊತ್ತಿನಲ್ಲಿಯೇ ಸತ್ತ ಗಂಡಿನ ಸ್ಥಾನಕ್ಕೆ ಬೇರೊಂದು ಗಂಡುಗುಬ್ಬಿ ಬಂದು ಕುಳಿತಿತು. ಅದನ್ನೂ ಹೊಡೆದನು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಅದೇ ಜಾಗದಲ್ಲಿ ಅವನ ಗುರಿಗೆ ಬಲಿಯಾದವು. ಹುಡುಗನು ಈ ಸಂಗತಿಯನ್ನು ಬರೆದಿಟ್ಟುಕೊಂಡನು. ಬೇಟೆಗಾರನ ಹೆಮ್ಮೆಯಿಂದ ಬರೆದ ಟಿಪ್ಪಣಿ ಅದು. ಆದರೂ ಅದರಲ್ಲಿ ಹಕ್ಕಿಯ ನಡತೆಯನ್ನು ಗಮನಿಸುವ ಕಣ್ಣು ಇತ್ತು. ಕೊಲ್ಲುವ ಕೈ ಮತ್ತು ನೋಡುವ ಕಣ್ಣು, ಇವೆರಡೂ ಒಬ್ಬನೇ ಬಾಲಕನಲ್ಲಿ ಕೂಡಿಕೊಂಡಿದ್ದವು.

ಹತ್ತು ವರ್ಷದ ಆಸುಪಾಸಿನಲ್ಲಿ ನಡೆದ ಮತ್ತೊಂದು ಘಟನೆ ಅವನ ದಾರಿಯನ್ನೇ ಬದಲಿಸಿತು. ಅಂದು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಬಣ್ಣದ ಒಂದು ಮಚ್ಚೆ ಇತ್ತು. ಅಂಥ ಗುಬ್ಬಿಯನ್ನು ಬಾಲಕನು ಮೊದಲು ಕಂಡಿರಲಿಲ್ಲ. ಮುಸಲ್ಮಾನರಲ್ಲಿ ಯಾವ ಪ್ರಾಣಿಯನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಕಟ್ಟಳೆಗಳುಂಟು. ಈ ಹಕ್ಕಿ ತಿನ್ನಲು ತಕ್ಕದ್ದೇ ಅಲ್ಲವೇ ಎಂಬ ಸಂದೇಹ ಅವನಿಗೆ ಬಂದಿತು. ಸಂದೇಹವನ್ನು ನುಂಗಿಕೊಂಡು ಹಕ್ಕಿಯನ್ನು ಅಡುಗೆಮನೆಗೆ ಕೊಡಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಮಾವನವರಲ್ಲಿಗೆ ಒಯ್ದು ತೋರಿಸಿದನು. ಅವರಿಗೂ ಅದರ ಗುರುತು ತಿಳಿಯಲಿಲ್ಲ. ತಾವು ಸದಸ್ಯರಾಗಿದ್ದ ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಅವನನ್ನು ಕಳುಹಿಸಿದರು.

ಆ ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರು. ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿ ಅಳುಕುತ್ತ ಬಂದ ಹುಡುಗನನ್ನು ಅವರು ಆದರದಿಂದ ಬರಮಾಡಿಕೊಂಡರು. ಹಕ್ಕಿ ಯಾವುದೆಂದು ತಿಳಿಸಿಕೊಟ್ಟರು. ಬಳಿಕ ಬೀರುಗಳನ್ನು ತೆರೆದು ಸಂಘದಲ್ಲಿ ಸಂಗ್ರಹಿಸಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ತಿನ್ನಬಹುದೇ ಎಂದು ಕೇಳಲು ಹೋದ ಬಾಲಕನು, ಇದು ಯಾವುದು, ಎಲ್ಲಿಯದು, ಹೇಗೆ ಬಾಳುತ್ತದೆ ಎಂದು ಕೇಳುವವನಾಗಿ ಹಿಂತಿರುಗಿದನು. ಹಸಿವಿನ ಪ್ರಶ್ನೆ ಅರಿವಿನ ಪ್ರಶ್ನೆಯಾಗಿ ಬೆಳೆಯಿತು.

ಮುಂದಿನ ದಾರಿ ಸುಗಮವಾಗಿರಲಿಲ್ಲ. 1914ರಲ್ಲಿ ಅಣ್ಣನ ವ್ಯವಹಾರಕ್ಕೆ ನೆರವಾಗಲು ಬರ್ಮಾ ದೇಶಕ್ಕೆ ಹೋದರು. ವ್ಯಾಪಾರ ಕೈಹತ್ತಲಿಲ್ಲ, ಅಲ್ಲಿಯ ಕಾಡು ಮಾತ್ರ ಮನಸ್ಸಿಗೆ ಹತ್ತಿತು. 1918ರಲ್ಲಿ ತೆಹಮೀನಾ ಬೇಗಂ ಅವರೊಡನೆ ವಿವಾಹವಾಯಿತು. ಕೆಲಕಾಲ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿ, ಜರ್ಮನಿಗೆ ತೆರಳಿ, ಬರ್ಲಿನ್ನಿನ ಪ್ರಸಿದ್ಧ ಪಕ್ಷಿಶಾಸ್ತ್ರಜ್ಞ ಸ್ಟ್ರೆಸೆಮನ್ ಅವರಲ್ಲಿ ಅಭ್ಯಾಸ ಮಾಡಿದರು. 1930ರಲ್ಲಿ ಹಿಂದಿರುಗಿದಾಗ ಮೊದಲಿನ ಹುದ್ದೆಯೇ ಉಳಿದಿರಲಿಲ್ಲ. ಎದೆಗುಂದದೆ ಕಡಲ ತೀರದ ಕಿಹೀಂ ಗ್ರಾಮದಲ್ಲಿ ನೆಲೆಸಿ, ಗೀಜಗ ಹಕ್ಕಿಗಳ ಗೂಡು ಕಟ್ಟುವ ಬಗೆಯನ್ನು ತಿಂಗಳುಗಟ್ಟಲೆ ನೋಡಿ ಬರೆದರು. ಅದರಿಂದ ಅವರ ಹೆಸರು ವಿದ್ವಾಂಸರ ವಲಯದಲ್ಲಿ ಹಬ್ಬಿತು. ಅನಂತರ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆದು ಹಕ್ಕಿಗಳ ಸಮೀಕ್ಷೆ ನಡೆಸಿದರು. ಪತ್ನಿ ತೀರಿಕೊಂಡ 1939ನೆಯ ವರ್ಷದಲ್ಲಿಯೇ ಮೈಸೂರು ಸಂಸ್ಥಾನದ ಸಮೀಕ್ಷೆಯೂ ಆರಂಭವಾಯಿತು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಆ ತಾಣವನ್ನು ಕಾಪಾಡಬೇಕೆಂದು ಮೈಸೂರಿನ ಅರಸರಲ್ಲಿ ಅರಿಕೆ ಮಾಡಿದರು. 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಪುಸ್ತಕವು ಸಾವಿರಾರು ಜನರನ್ನು ಹಕ್ಕಿಗಳ ಕಡೆಗೆ ತಿರುಗಿಸಿತು.

ಇಷ್ಟಾದರೂ ಸಲೀಂ ಅಲಿಯವರು ಬಂದೂಕನ್ನು ಪೂರ್ತಿಯಾಗಿ ಕೆಳಗಿಡಲಿಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಶಾಸ್ತ್ರದ ಅಭ್ಯಾಸಕ್ಕಾಗಿ ಅವರು ಅನೇಕ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದರು. ಹಕ್ಕಿಯನ್ನು ಪ್ರೀತಿಸುವವರು ಹಕ್ಕಿಯನ್ನು ಕೊಲ್ಲಬಹುದೇ ಎಂದು ಕೇಳಿದವರಿಗೆ ಅವರ ಉತ್ತರ ಸ್ಪಷ್ಟವಾಗಿತ್ತು. ಒಂದು ಜಾತಿಯನ್ನು ಖಚಿತವಾಗಿ ಅರಿಯದೆ ಅದನ್ನು ಉಳಿಸಲಾಗದು. ಅರಿಯುವುದಕ್ಕೆ ಅಗತ್ಯವಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಕಾರಣವಿಲ್ಲದ ಕೊಲೆಯು ಹೀನವಾದದ್ದು. ಈ ನಿಲುವನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಯಾವ ಜೀವವನ್ನೂ ಕೊಲ್ಲಬಾರದೆಂಬ ಅಹಿಂಸೆಯ ಮಾರ್ಗ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದದ್ದು. ಆದರೆ ತಮ್ಮ ಕೃತ್ಯಕ್ಕೆ ಕಾರಣ ಕೊಡಬೇಕಾದ ಹೊಣೆಯಿಂದ ಅವರು ಎಂದೂ ತಪ್ಪಿಸಿಕೊಳ್ಳಲಿಲ್ಲ.

ಕಾರಣವಿಲ್ಲದ ಕೊಲೆ ಎಂಥದೆಂಬುದಕ್ಕೆ ರಾಜಸ್ಥಾನದ ಭರತಪುರವು ಸಾಕ್ಷಿಯಾಗಿತ್ತು. ಅಲ್ಲಿಯ ಕೇವಲಾದೇವ ಘನಾ ಎಂಬ ಜೌಗು ಪ್ರದೇಶವು ಮಹಾರಾಜರ ಬಾತುಬೇಟೆಯ ತಾಣ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ದಿನ ಒಂದರಲ್ಲಿಯೇ 4,273 ಹಕ್ಕಿಗಳು ಸತ್ತು ಬಿದ್ದವು. ಈ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಅಷ್ಟು ಹಕ್ಕಿಗಳು ಯಾರ ಹಸಿವಿಗೂ ಬೇಕಾಗಿರಲಿಲ್ಲ. ಸ್ವಾತಂತ್ರ್ಯಾನಂತರ ಆ ಜೌಗನ್ನು ಬತ್ತಿಸಿ ಉಳುಮೆಗೆ ಕೊಡಬೇಕೆಂಬ ಒತ್ತಾಯ ಬಂದಾಗ, ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರ ಮನವೊಲಿಸಿ ಅದನ್ನು ಉಳಿಸಿದರು. 1985ರಲ್ಲಿ ಅದು ವಿಶ್ವ ಪರಂಪರೆಯ ತಾಣವೆಂಬ ಮನ್ನಣೆ ಪಡೆಯಿತು.

ಬಲೆ ಒಡ್ಡುವ ಬಡವರ ವಿಷಯದಲ್ಲಿ ಅವರ ನಡೆ ಇನ್ನೂ ಗಮನಾರ್ಹವಾದದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಅದರ ವಿಷಾಣುವು ಸೈಬೀರಿಯದ ಒಂದು ರೋಗದ ವಿಷಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ಹಕ್ಕಿಗಳ ವಲಸೆಯ ದಾರಿಯನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರು ದೊಡ್ಡ ಕಾರ್ಯವೊಂದನ್ನು ಕೈಗೊಂಡರು. ಹಕ್ಕಿಯನ್ನು ಜೀವಂತವಾಗಿ ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಹಗುರವಾದ ಬಳೆ ತೊಡಿಸಿ, ಹಾರಲು ಬಿಡಬೇಕು. ಗರಿಯೂ ಮುಕ್ಕಾಗದಂತೆ ಹಕ್ಕಿ ಹಿಡಿಯಬಲ್ಲವರು ಯಾರು? ತಲೆತಲಾಂತರದಿಂದ ಬಲೆಯನ್ನೇ ನಂಬಿ ಬಾಳಿದ್ದ ಬಿಹಾರದ ಮೀರ್‌ಶಿಕಾರಿ ಬಲೆಗಾರರು ಈ ಕೆಲಸಕ್ಕೆ ಬಂದರು. ಹಕ್ಕಿಯನ್ನು ಸಂತೆಗೆ ಸಾಗಿಸುತ್ತಿದ್ದ ಕುಶಲತೆಯೇ ಹಕ್ಕಿಯನ್ನು ಆಕಾಶಕ್ಕೆ ಮರಳಿಸುವ ಕುಶಲತೆಯಾಯಿತು. ಬೇಟೆಗಾರನನ್ನು ಹಳಿದು ಓಡಿಸುವುದಕ್ಕಿಂತ, ಅವನ ಅರಿವಿಗೆ ಗೌರವವನ್ನೂ ಅವನ ಹೊಟ್ಟೆಗೆ ದಾರಿಯನ್ನೂ ಕೊಡುವುದು ಹೆಚ್ಚು ಫಲಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ, ಭಾರತ ಮತ್ತು ಪಾಕಿಸ್ತಾನಗಳ ಪಕ್ಷಿಗಳನ್ನು ಕುರಿತ ಹತ್ತು ಸಂಪುಟಗಳು 1968ರಿಂದ 1974ರವರೆಗೆ ಹೊರಬಂದವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1985ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಪ್ರಕಟವಾದ ಆತ್ಮಕಥೆಗೆ, ಬಾಲ್ಯದಲ್ಲಿ ನೆಲಕ್ಕುರುಳಿದ ಆ ಗುಬ್ಬಿಯ ಪತನವನ್ನೇ ಹೆಸರಾಗಿ ಇಟ್ಟರು. 1987ರ ಜೂನ್ 20ರಂದು, ತೊಂಬತ್ತು ವರ್ಷಗಳ ತುಂಬುಬಾಳನ್ನು ಮುಗಿಸಿ ಅವರು ಕಣ್ಮುಚ್ಚಿದರು.

ಅವರ ಒಂದು ಆಸೆ ಮಾತ್ರ ಕೈಗೂಡಲಿಲ್ಲ. ಮನುಷ್ಯನ ಸೊಂಟದೆತ್ತರಕ್ಕೆ ನಿಲ್ಲುವ, ಎರೆಭೂತ ಅಥವಾ ದೊರೆವಾಯನ ಹಕ್ಕಿಯೆಂದು ಕರೆಯುವ ಹಕ್ಕಿಯನ್ನು ರಾಷ್ಟ್ರಪಕ್ಷಿಯಾಗಿ ಆರಿಸಬೇಕೆಂದು ಅವರು ಸೂಚಿಸಿದ್ದರು. 1963ರಲ್ಲಿ ಆ ಸ್ಥಾನ ನವಿಲಿಗೆ ದೊರೆಯಿತು. ದಖನ್ನಿನ ಹುಲ್ಲುಬಯಲುಗಳಲ್ಲಿ ಎರೆಭೂತವು ಹಿಂದೆ ಸಾಮಾನ್ಯವಾಗಿತ್ತು. ಅದರ ರುಚಿಯಾದ ಮಾಂಸವೇ ಅದಕ್ಕೆ ಮುಳುವಾಯಿತು. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಅದು; ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲಾರದು. ಬೇಟೆಯ ಜೊತೆಗೆ ಬಯಲುಗಳೂ ಉಳುಮೆಗೆ ಸೇರಿದವು. ಇಂದು ಕರ್ನಾಟಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಎರೆಯ ಹೆಸರು ಹೊತ್ತ ಹಕ್ಕಿಯೇ ಎರೆಯ ನಾಡಿಗೆ ಅಪರಿಚಿತವಾಗಿದೆ.

ರೋಣವಿರುವ ಗದಗ ಜಿಲ್ಲೆಯಲ್ಲಿಯೇ ಇದಕ್ಕೆ ಎದುರಾದ ಚಿತ್ರವೂ ಇದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿವರ್ಷವೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಸುತ್ತಲಿನ ಹೊಲಗಳಿಗಿಳಿದು ಬೆಳೆಯನ್ನು ಮೇಯುವುದೂ ಉಂಟು. ಆದರೂ ಅವು ಅಲ್ಲಿ ನೆಮ್ಮದಿಯಿಂದ ದಿನಗಳೆದು ಹಿಂದಿರುಗುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿಯು ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನೂ ಕೊನೆಗಾಣಿಸಿತು. ಆದರೆ ಕಾಯಿದೆ ಎಲ್ಲ ಹೊಲಗಳ ಬದುವಿನಲ್ಲೂ ಕಾವಲು ನಿಲ್ಲಲಾರದು. ಅಲ್ಲಿ ಕಾವಲು ನಿಲ್ಲಬೇಕಾದದ್ದು ಮನುಷ್ಯನ ವಿವೇಕ. ಕೈಯಲ್ಲಿ ಸಿಕ್ಕ ಜೀವವನ್ನು ತಿನ್ನುವ ಮೊದಲು ಅದು ಯಾವುದೆಂದು ಕೇಳಿದ ಒಬ್ಬ ಬಾಲಕನಿಂದ ನಾಡಿನ ಅಸಂಖ್ಯ ಹಕ್ಕಿಗಳಿಗೆ ಉಳಿವು ದೊರೆಯಿತು. ಕೇಳುವ ಆ ಗುಣವು ಯಾವ ಊರಿನ ಯಾವ ಬಾಲಕ ಬಾಲಕಿಯರಿಗೂ ಅಸಾಧ್ಯವಾದುದಲ್ಲ.