ದಿವಂಗತ ಕುದ್ಮುಲ್ ರಂಗರಾಯರು

ಬಂಟ್ವಾಳದಿಂದ ಬೆಳ್ತಂಗಡಿಯ ಕಡೆಗೆ ಹೋಗುವವರಲ್ಲಿ ಗುರುವಾಯನಕೆರೆಯನ್ನು ಕಾಣದವರು ವಿರಳ. ಅಲ್ಲಿಯ ಜೈನ ಸ್ತಂಭವನ್ನೂ ಐದು ಕಂಬಗಳ ಮಂಟಪವನ್ನೂ ಜೇಮ್ಸ್ ಫರ್ಗ್ಯುಸನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು 1876ರಲ್ಲಿ ಪ್ರಕಟವಾದ ತನ್ನ ವಾಸ್ತುಶಿಲ್ಪದ ಇತಿಹಾಸದಲ್ಲಿ ಚಿತ್ರಸಹಿತವಾಗಿ ವರ್ಣಿಸಿ, ಈ ಸಣ್ಣ ಊರಿನ ಹೆಸರನ್ನು ಸಮುದ್ರದಾಚೆಗೆ ಮುಟ್ಟಿಸಿದನು. ಅಲ್ಲಿಯ ಪೇಟೆಯಲ್ಲಿ ಕ್ಷಣಕಾಲ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಗಳು ಒಂದರ ಹಿಂದೊಂದು ಕಿವಿಗೆ ಬೀಳುತ್ತವೆ. ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿಗಳು ನೆರೆಹೊರೆಯಾಗಿರುವ ಜಿಲ್ಲೆ ನಮ್ಮದೆಂದು ನಾವು ಅಭಿಮಾನಪಡುವುದು ಸಹಜವೇ ಆಗಿದೆ. ಆದರೆ ಹಲವು ಬಗೆಯ ಜನರು ಒಂದು ಸೀಮೆಯಲ್ಲಿ ವಾಸಿಸುವುದು ಒಂದು ಮಾತು. ಅವರಲ್ಲಿ ಪ್ರತಿಯೊಬ್ಬನೂ ಇದು ನನ್ನ ಊರೆಂದು ತಲೆಯೆತ್ತಿ ಹೇಳುವಂತಾಗುವುದು ಮತ್ತೊಂದು ಮಾತು. ಈ ಎರಡರ ನಡುವಿನ ಅಂತರವನ್ನು ತನ್ನ ಆಯುಷ್ಯದಿಂದಲೇ ಅಳೆದ ಒಬ್ಬ ಮಹನೀಯರ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಫರ್ಗ್ಯುಸನನ ಗ್ರಂಥವು ಅಚ್ಚಾದ ಕಾಲದಲ್ಲಿ ಈ ಜಿಲ್ಲೆಯ ದಾರಿಗಳು ಎಲ್ಲರ ದಾರಿಗಳಾಗಿರಲಿಲ್ಲ. ಪಂಚಮರೆಂದು ಹೆಸರಿಡಲ್ಪಟ್ಟವರು ಉಳಿದವರಿಂದ ದೂರ ಸರಿದು ನಡೆಯಬೇಕಾಗಿತ್ತು. ಕೆರೆ, ಬಾವಿ, ಪಾಠಶಾಲೆಗಳು ಅವರ ಪಾಲಿಗೆ ಮುಚ್ಚಿದ್ದುವು. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆದು ನಾಡಿನ ಮನೆಮನೆಗೂ ಒದಗಿಸುತ್ತಿದ್ದ ಕೊರಗರ ಸ್ಥಿತಿ ಇನ್ನೂ ಕಠಿಣ. ಅಂಡೆ ಕೊರಗರೆಂಬ ಒಂದು ಪಂಗಡದವರು, ತಮ್ಮ ಉಗುಳು ದಾರಿಯನ್ನು ಮೈಲಿಗೆ ಮಾಡೀತೆಂಬ ಕಾರಣಕ್ಕೆ, ಉಗುಳುವುದಕ್ಕಾಗಿ ಕೊರಳಿಗೆ ಅಂಡೆಯೊಂದನ್ನು ಕಟ್ಟಿಕೊಂಡು ತಿರುಗಬೇಕಾಗಿತ್ತೆಂದು ಈ ಜಿಲ್ಲೆಯ ಹಳೆಯ ಸರಕಾರಿ ದಾಖಲೆಗಳೇ ಹೇಳುತ್ತವೆ. ಅವರು ಹೆಣೆದ ಬುಟ್ಟಿ ಮನೆಯೊಳಕ್ಕೆ ಬರಬಹುದಾಗಿತ್ತು. ಹೆಣೆದ ಕೈ ಅಂಗಳದಾಚೆಗೇ ನಿಲ್ಲಬೇಕಾಗಿತ್ತು. ನಮ್ಮ ವೈವಿಧ್ಯದ ಹಿರಿಮೆಯನ್ನು ಹೇಳುವವರು ಈ ಅಂಡೆಯ ಮಾತನ್ನೂ ಮರೆಯಬಾರದು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದು, ಅಲ್ಪ ವೇತನದ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಹಗಲು ಕಲಿಸುತ್ತ, ಬಿಡುವಿನಲ್ಲಿ ತಾವೇ ಕಲಿಯುತ್ತ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನೂ ಆಮೇಲೆ ವಕೀಲಿ ಪರೀಕ್ಷೆಯನ್ನೂ ಮುಗಿಸಿ ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲರಾದರು. ಬಡವರ ಕಕ್ಷಿಯನ್ನು ಶ್ರದ್ಧೆಯಿಂದ ನಡೆಸುವವರೆಂದು ಅವರಿಗೆ ಹೆಸರು ಬಂದಿತು. ಅಷ್ಟರಲ್ಲೇ ತೃಪ್ತಿಪಟ್ಟು, ಮನೆ ಕಟ್ಟಿಸಿ, ಸಂಜೆ ಸಭೆಗಳಲ್ಲಿ ಭಾಷಣ ಮಾಡಿ ಕಾಲ ಕಳೆಯಬಹುದಾಗಿತ್ತು. ಹಾಗೆ ಕಾಲ ಕಳೆದ ವಕೀಲರು ಆ ಕಾಲದಲ್ಲಿಯೂ ಬಹಳ ಮಂದಿ ಇದ್ದರು.

ಆಗ ಮಂಗಳೂರಿನಲ್ಲಿ ಹೊಸ ವಿಚಾರದ ಗಾಳಿ ಬೀಸತೊಡಗಿದ್ದಿತು. ಬಿಲ್ಲವ ಸಮಾಜದ ಅರಸಪ್ಪನವರ ಪ್ರಯತ್ನದಿಂದ 1870ರಲ್ಲಿ ಬ್ರಹ್ಮಸಮಾಜವು ಇಲ್ಲಿ ಬೇರೂರಿತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳುಗಳಲ್ಲೊಬ್ಬರಾಗಿದ್ದರು. ಎಲ್ಲರೂ ಒಬ್ಬ ದೇವರ ಮಕ್ಕಳೆಂಬ ತತ್ತ್ವವನ್ನು ರಂಗರಾಯರು ಅಲ್ಲಿ ಕೇಳಿದರು. ಕೇಳಿ ತಲೆದೂಗಿದವರು ಹಲವರು. ಹಾಗಾದರೆ ಆ ಮಕ್ಕಳಲ್ಲಿ ಕೆಲವರೇಕೆ ಶಾಲೆಯ ಹೊರಗಿದ್ದಾರೆಂಬ ಪ್ರಶ್ನೆಯನ್ನು ತಮ್ಮ ಮೇಲೆಯೇ ಹಾಕಿಕೊಂಡವರು ರಂಗರಾಯರು.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. ಮೇಲುಜಾತಿಯ ಉಪಾಧ್ಯಾಯರು ಆ ಮಕ್ಕಳಿಗೆ ಕಲಿಸಲು ಬರಲಿಲ್ಲ. ಕೊನೆಗೆ ಕ್ರೈಸ್ತ ಉಪಾಧ್ಯಾಯರನ್ನು ಕರೆತರಬೇಕಾಯಿತು. ನೆರೆಯವರ ವಿರೋಧದಿಂದ ಶಾಲೆಯು ಒಂದೆಡೆ ನಿಲ್ಲದೆ ಜಾಗದಿಂದ ಜಾಗಕ್ಕೆ ಹೋಗಬೇಕಾಯಿತು. ಮಕ್ಕಳನ್ನು ಕಳುಹಿಸಲು ತಂದೆತಾಯಿಗಳಿಗೂ ಅನುಕೂಲವಿರಲಿಲ್ಲ, ಏಕೆಂದರೆ ಮಗುವಿನ ಕೂಲಿಯೂ ಆ ಮನೆಯ ಗಂಜಿಯ ಒಂದು ಪಾಲಾಗಿತ್ತು. ರಂಗರಾಯರು ಇದನ್ನರಿತು ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನೂ ಹಾಜರಿಗಾಗಿ ದಿನಕ್ಕೆ ಎರಡು ಪೈಸೆಯನ್ನೂ ಕೊಡುವ ಏರ್ಪಾಡು ಮಾಡಿದರು. ಹಸಿದವನಿಗೆ ಅಕ್ಷರದ ಮಹಿಮೆಯನ್ನು ಬೋಧಿಸುವುದರಿಂದ ಫಲವಿಲ್ಲವೆಂದು ತಿಳಿದ ವ್ಯಾವಹಾರಿಕ ಬುದ್ಧಿ ಅವರದು. ಇಂದು ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಬಡಿಸುವುದನ್ನು ಕಾಣುವವರು ಈ ಹಳೆಯ ಶಾಲೆಯನ್ನೊಮ್ಮೆ ನೆನೆಯತಕ್ಕದ್ದು.

ಆ ಶಾಲೆ ತೆರೆದ ಮರುವರ್ಷ, 1893ರ ಜೂನ್ ತಿಂಗಳಿನಲ್ಲಿ, ದಕ್ಷಿಣ ಆಫ್ರಿಕದ ಪೀಟರ್‌ಮರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೊದಲನೆಯ ದರ್ಜೆಯ ಟಿಕೇಟು ಕೈಯಲ್ಲಿದ್ದ ಒಬ್ಬ ಭಾರತೀಯ ವಕೀಲರನ್ನು ಮೈಬಣ್ಣದ ಕಾರಣದಿಂದ ರೈಲಿನಿಂದ ಹೊರದೂಡಿದರು. ಆ ಅಪಮಾನದ ಕಥೆಯನ್ನು ಓದಿ ಕುದಿಯದ ಭಾರತೀಯನಿಲ್ಲ. ಅದೇ ದಿನಗಳಲ್ಲಿ ಮಂಗಳೂರಿನ ಮತ್ತೊಬ್ಬ ವಕೀಲರು, ನಮ್ಮವರೇ ನಮ್ಮವರನ್ನು ದಾರಿಯಿಂದ ಹೊರದೂಡುತ್ತಿರುವುದನ್ನು ಕಂಡು ಕುದಿಯುತ್ತಿದ್ದರು. ಬಿಳಿಯನು ನಮ್ಮ ಬಣ್ಣವನ್ನು ನೋಡಿ ಬಾಗಿಲು ಮುಚ್ಚಿದರೆ ಅನ್ಯಾಯವೆಂದೂ, ನಾವು ನೆರೆಯವನ ಹುಟ್ಟನ್ನು ನೋಡಿ ಬಾಗಿಲು ಮುಚ್ಚಿದರೆ ಆಚಾರವೆಂದೂ ಹೇಳುವ ನ್ಯಾಯವು ಯಾವ ಕೋರ್ಟಿನಲ್ಲಿಯೂ ನಿಲ್ಲತಕ್ಕದ್ದಲ್ಲ. ರಂಗರಾಯರು ಈ ವ್ಯಾಜ್ಯವನ್ನು ತಮ್ಮ ಸ್ವಂತ ಜನರ ಎದುರಿಗೇ ನಡೆಸಿದರು. ಪರಕೀಯನನ್ನು ಖಂಡಿಸುವುದಕ್ಕಿಂತ ಇದು ಕಠಿಣವಾದ ಕಾರ್ಯವೆಂದು ನಾವು ಬೇರೆ ಹೇಳಬೇಕಾಗಿಲ್ಲ.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂಧೆಯವರು ಆರಂಭಿಸಿದ್ದು 1906ರಲ್ಲಿ. ಮಂಗಳೂರು ಅದಕ್ಕಿಂತ ಒಂಬತ್ತು ವರ್ಷ ಮುಂದಿತ್ತೆಂಬುದು ಕನ್ನಡ ಕರಾವಳಿಗೆ ಭೂಷಣವಾದ ಸಂಗತಿ. ಮಂಗಳೂರಿನ ಬಾಬುಗುಡ್ಡ, ದಡ್ಡಲಕಾಡು ಮೊದಲಾದ ಕಡೆಗಳಲ್ಲಿಯೂ ಉಡುಪಿಯಲ್ಲಿಯೂ ಶಾಲೆಗಳು ಹುಟ್ಟಿದುವು. ಅಕ್ಷರದೊಡನೆ ನೇಯ್ಗೆ, ಬಡಗಿತನಗಳನ್ನು ಕಲಿಸಿದರು, ವಿದ್ಯಾರ್ಥಿನಿಲಯಗಳನ್ನು ತೆರೆದರು, ಇರಲು ನೆಲೆಯಿಲ್ಲದವರಿಗೆ ಸರಕಾರದಿಂದ ಭೂಮಿ ಪಡೆದು ಮನೆಗಳನ್ನು ಕಟ್ಟಿಸಿಕೊಟ್ಟರು, ಕೊರಗರಿಗೂ ವಸತಿಗಳಾದುವು. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ಈ ವರ್ಗದವರಿಗೆ ಸ್ಥಾನ ದೊರೆಯಬೇಕೆಂದೂ ಪ್ರಯತ್ನಿಸಿದರು. ಈ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಅನ್ನ, ಬಳಿಕ ಅಕ್ಷರ, ಬಳಿಕ ಕಸುಬು, ಬಳಿಕ ಭೂಮಿ, ಕಡೆಗೆ ಸಭೆಯಲ್ಲಿ ಕುರ್ಚಿ. ದಯೆಯು ಸಾಮಾನ್ಯವಾಗಿ ಅನ್ನದ ಬಳಿಯೇ ನಿಂತುಬಿಡುತ್ತದೆ. ಕುರ್ಚಿಯವರೆಗೆ ಹೋಗುವುದಕ್ಕೆ ದಯೆ ಸಾಲದು, ಎದುರಿನವನು ನನ್ನ ಸಮಾನನೆಂಬ ನಂಬಿಕೆ ಬೇಕು.

ಈ ನಂಬಿಕೆಯ ಬೆಲೆಯನ್ನು ಅವರು ತೆರಬೇಕಾಯಿತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು, ಬಂಧುಗಳು ದೂರವಾದರು, ಕ್ಷೌರಿಕನೂ ಅಗಸನೂ ಅವರ ಮನೆಯ ಕಡೆ ಬರದಂತಾಯಿತು. ಊರಿಲ್ಲದವರಿಗೆ ಊರನ್ನು ಕೊಡಿಸಹೋದವರು ತಾವೇ ಊರಿಲ್ಲದವರಾದರು. ಆದರೂ ಅವರು ಪ್ರಾಯಶ್ಚಿತ್ತ ಮಾಡಿಕೊಂಡು ಪಂಕ್ತಿಗೆ ಹಿಂದಿರುಗಲಿಲ್ಲ. ತಮ್ಮನ್ನು ದೂಡಿದವರನ್ನು ದ್ವೇಷಿಸುತ್ತ ಕುಳಿತುಕೊಳ್ಳಲೂ ಇಲ್ಲ. ಮರುದಿನದ ಶಾಲೆ, ಮರುದಿನದ ಗಂಜಿ, ಮರುದಿನದ ಬಾಡಿಗೆ, ಇವುಗಳ ಚಿಂತೆಯಲ್ಲಿ ಅವರಿಗೆ ಅದಕ್ಕೆ ಬಿಡುವಿರಲಿಲ್ಲ.

ಹೊರಗೆ ಸಮಾನತೆಯನ್ನು ಬೋಧಿಸಿ ಮನೆಯ ಬಾಗಿಲಲ್ಲಿ ಜಾತಿಯನ್ನು ಕಾಯುವ ಸುಧಾರಕರನ್ನು ನಾವು ಬಲ್ಲೆವು. ರಂಗರಾಯರು ಆ ಗುಂಪಿನವರಲ್ಲ. ಅವರ ಮಗಳು ರಾಧಾಬಾಯಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದರು. ಅವರು 1912ರಲ್ಲಿ ಮದುವೆಯಾದದ್ದು ತಮಿಳು ನಾಡಿನ ಕುಮಾರಮಂಗಲದ ಜಮೀನುದಾರರಾದ ಪಿ. ಸುಬ್ಬರಾಯನ್ ಅವರನ್ನು. ಜಾತಿ ಬೇರೆ, ಭಾಷೆ ಬೇರೆ, ಸೀಮೆ ಬೇರೆ. ಸುಬ್ಬರಾಯನ್ನರು 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾದರು. ರಾಧಾಬಾಯಿಯವರು 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಕುಳಿತರು. 1938ರಲ್ಲಿ ದೆಹಲಿಯ ರಾಜ್ಯಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾದರು. ಅವರ ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಒಂದು ಜಾತಿಯ ಪಂಕ್ತಿಯಿಂದ ಹೊರಬಿದ್ದ ಮನೆತನವು ಒಂದು ರಾಷ್ಟ್ರದ ಪಂಕ್ತಿಯಲ್ಲಿ ಮುಂದೆ ಕುಳಿತಿತು.

ಜೀವಿತದ ಕೊನೆಯಲ್ಲಿ ರಂಗರಾಯರು ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ಅವರು ದೇಹವಿಟ್ಟರು. ಆಗ ಅಳಿಯಂದಿರು ಪ್ರಾಂತದ ಮುಖ್ಯಮಂತ್ರಿಗಳು. ಅಂತ್ಯಯಾತ್ರೆಗೆ ದೊಡ್ಡ ದೊಡ್ಡವರ ಹೆಗಲು ಸಿಕ್ಕುತ್ತಿದ್ದುದರಲ್ಲಿ ಸಂದೇಹವಿಲ್ಲ. ಆದರೆ ತಮ್ಮ ಅಂತ್ಯಸಂಸ್ಕಾರವು ಊರಿನ ಮಲವನ್ನು ಹೊರುತ್ತಿದ್ದ ತೋಟಿಗಳ ಕೈಯಿಂದ ಆಗಬೇಕೆಂದು ಅವರು ವಿಧಿಸಿದ್ದರು; ಹಾಗೆಯೇ ನೆರವೇರಿತು. ದಲಿತರ ಮಗುವೊಂದು ಓದಿ ದೊಡ್ಡದಾಗಿ ನಮ್ಮ ಬೀದಿಗಳಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಆಸೆಯಾಗಿತ್ತೆಂದು ಜಿಲ್ಲೆಯ ಜನರು ಇಂದಿಗೂ ನೆನೆಯುತ್ತಾರೆ. ಯಾರ ನೆರಳು ದಾರಿಯ ಮೇಲೆ ಬೀಳಬಾರದೆನ್ನುತ್ತಿದ್ದರೋ, ಅವರೇ ಎಬ್ಬಿಸಿದ ಧೂಳನ್ನು ತಲೆಯಲ್ಲಿ ಧರಿಸುವ ಈ ಆಸೆಯಲ್ಲಿ ಅವರ ಬಾಳಿನ ಅರ್ಥವೆಲ್ಲವೂ ಅಡಗಿದೆ.

ಅವರು ತೀರಿಕೊಂಡ ಆರು ವರ್ಷಗಳ ಮೇಲೆ, 1934ರ ಫೆಬ್ರವರಿಯಲ್ಲಿ, ಮಹಾತ್ಮರು ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದರು. ಒಬ್ಬರು ಒಂಟಿಯಾಗಿ ಹಿಡಿದ ಕೆಲಸವು ಆ ವೇಳೆಗೆ ರಾಷ್ಟ್ರದ ಕೆಲಸವಾಗಿತ್ತು. 1950ರ ಜನವರಿ 26ರಿಂದ ಜಾರಿಗೆ ಬಂದ ರಾಜ್ಯಾಂಗದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಇಲ್ಲವಾಗಿಸಿತು. ಇಂದು ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರೇ ಇದೆ. ಬಹಿಷ್ಕರಿಸಿದ ಪಟ್ಟಣವೇ ತನ್ನ ದೊಡ್ಡ ಸಭಾಗೃಹದ ಮೇಲೆ ಬಹಿಷ್ಕೃತನ ಹೆಸರನ್ನು ಬರೆಸಿಕೊಂಡಿತು.

ಆದರೂ ಲೆಕ್ಕವು ಮುಗಿದಿಲ್ಲ. ರೋಗಿಯ ಅಥವಾ ಗರ್ಭಿಣಿಯ ಅನಿಷ್ಟ ತೊಲಗಲೆಂದು ಉಗುರು, ಕೂದಲುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದೇ ಮೊದಲಾದ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರಕಾರವು ಪ್ರತ್ಯೇಕ ಶಾಸನವನ್ನು ಮಾಡಬೇಕಾಗಿ ಬಂದದ್ದು 2000ದಲ್ಲಿ, ಅಂದರೆ ರಂಗರಾಯರು ಮಿಷನ್ನನ್ನು ಸ್ಥಾಪಿಸಿ ನೂರಮೂರು ವರ್ಷಗಳಾದ ಮೇಲೆ. 2001ರ ಜನಗಣತಿಯಲ್ಲಿ ಈ ರಾಜ್ಯದ ಕೊರಗರ ಸಂಖ್ಯೆ 16,071. 2011ರಲ್ಲಿ ಅದು 14,794ಕ್ಕೆ ಇಳಿಯಿತು. ನಾಡಿನ ಜನಸಂಖ್ಯೆಯು ಏರುತ್ತಿರುವಾಗ ಒಂದು ಜನಾಂಗವು ಕರಗುತ್ತಿದ್ದರೆ, ಅದರ ಹೊಣೆ ಯಾರದೆಂದು ಕೇಳುವ ಅಧಿಕಾರ ನಮಗಿದೆ, ಉತ್ತರ ಕೊಡುವ ಕರ್ತವ್ಯವೂ ನಮಗೇ ಇದೆ.

ನಮ್ಮ ವಾಚಕರಲ್ಲಿ ಬಹುಮಂದಿ ಕಚೇರಿಗಳಲ್ಲಿ ಕುಳಿತವರು, ಶಾಲೆ ನಡೆಸುವವರು, ಪಂಚಾಯಿತಿಗಳಲ್ಲಿ ಮಾತು ನಡೆಯುವವರು. ರಂಗರಾಯರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಅದನ್ನು ನಾವು ಬೇಡವೆನ್ನುವುದಿಲ್ಲ. ಹಾರ ಹಾಕಿದ ಮರುದಿನ, ಗುರುವಾಯನಕೆರೆಯಿಂದಾಗಲಿ ವೇಣೂರಿನಿಂದಾಗಲಿ ಒಬ್ಬ ಕೊರಗ ತಾಯಿ ನಿವೇಶನದ ಅರ್ಜಿ ಹಿಡಿದು ಬೆಳ್ತಂಗಡಿಯ ಕಚೇರಿಗೆ ಬಂದರೆ, ಆಕೆಯನ್ನು ಬಾಗಿಲ ಹೊರಗೆ ಕಾಯಿಸದೆ ಎದುರಿನ ಕುರ್ಚಿಯನ್ನು ತೋರಿಸಿ, ಕುಳಿತುಕೊಳ್ಳಿರೆಂದು ಹೇಳುವ ಅಧಿಕಾರಿಯೇ ಅವರ ನಿಜವಾದ ವಾರಸುದಾರನು. ಅಂಥ ವಾರಸುದಾರರು ಪ್ರತಿ ಊರಿನಲ್ಲಿಯೂ ಹೆಚ್ಚಲೆಂದು ಹಾರೈಸುತ್ತೇವೆ.