ಶಾರ್ಕೋ ಕಂಡ ಕಾಯಿಲೆ, ನಮಗೆ ಕಾಣದ ದಣಿವು

ಜಾಂ ಮಾರ್ಟೆನ್ ಶಾರ್ಕೋ ಹುಟ್ಟಿದ್ದು 1825ರ ನವೆಂಬರ್ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಕುದುರೆಗಾಡಿ ತಯಾರಿಸುವವರು. ಮಗನಿಗೆ ಚಿತ್ರ ಬಿಡಿಸುವ ಕೈ ಇತ್ತು, ಆದರೆ ಅವರು ಆರಿಸಿಕೊಂಡದ್ದು ವೈದ್ಯಕೀಯ. 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹಿರಿಯ ವೈದ್ಯರಾದರು. ಒಂದು ಕಾಲಕ್ಕೆ ಮದ್ದಿನ ಕಾರ್ಖಾನೆಯಾಗಿದ್ದ ಆ ಜಾಗ ಆಗ ಸಾವಿರಾರು ಬಡ, ಮುದಿ, ಕಾಯಿಲೆಯ ಹೆಂಗಸರ ಕೊನೆಯ ಆಸರೆ.

ಶಾರ್ಕೋ ಅವರ ವಿಧಾನ ನಮಗೆ ಬೇಗ ಅರ್ಥವಾಗುವಂಥದ್ದು. ರೋಗಿ ಬದುಕಿರುವಾಗ ಲಕ್ಷಣಗಳನ್ನು ವರ್ಷಗಟ್ಟಲೆ ಬರೆದಿಡುವುದು, ತೀರಿಕೊಂಡ ಮೇಲೆ ಮೆದುಳು, ಬೆನ್ನುಹುರಿ ಪರೀಕ್ಷಿಸಿ ಫಾಲ್ಟ್ ಎಲ್ಲಿತ್ತು ಅಂತ ಹುಡುಕುವುದು.

1885ರಲ್ಲಿ ಅವರ ಬಳಿ ಕಲಿಯಲು ಬಂದ ಫ್ರಾಯ್ಡ್ ಮುಂದೆ ಒಂದು ಸಂಗತಿ ಬರೆದರು. ಕೈ ನಡುಗುವ ಕಾರಣಕ್ಕೆ ಎಲ್ಲೂ ಕೆಲಸ ಸಿಗದಿದ್ದ ಒಬ್ಬ ಹೆಂಗಸನ್ನು ಶಾರ್ಕೋ ಮನೆಗೆಲಸಕ್ಕೆ ಇಟ್ಟುಕೊಂಡಿದ್ದರು. ತಟ್ಟೆ, ಬಟ್ಟಲು ಒಡೆಯುತ್ತಲೇ ಇದ್ದವು, ಆದರೂ ಬಿಡಿಸಲಿಲ್ಲ. ಆಕೆ ತೀರಿಕೊಂಡ ಮೇಲೆ ಆ ನಡುಕದ ಹಿಂದಿದ್ದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ತೋರಿಸಿಕೊಟ್ಟರು.

1868ರಲ್ಲಿ ಶಾರ್ಕೋ ಈ ಕಾಯಿಲೆಯನ್ನು ಸ್ಪಷ್ಟವಾಗಿ ಗುರುತಿಸಿ ವಿವರಿಸಿದರು. ನರತಂತುವಿನ ಸುತ್ತ ಮೈಲಿನ್ ಎಂಬ ಹೊದಿಕೆ ಇರುತ್ತದೆ. ಅದಿದ್ದರೆ ಸಂಕೇತ ಸೆಕೆಂಡಿಗೆ ಸುಮಾರು 100 ಮೀಟರ್‌ವರೆಗೂ ಓಡಬಲ್ಲದು. ಈ ಕಾಯಿಲೆಯಲ್ಲಿ ಅಲ್ಲಲ್ಲಿ ಹೊದಿಕೆಯೇ ಕಳಚುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಮನೆಯವರಿಗೆ ಹೀಗೆ ಹೇಳಬಹುದು: ಹಾಸಿನ ಎಳೆ ಇದೆ, ಮೇಲಿನ ಗಂಜಿ ಹೋಗಿದೆ. ಎಳೆ ಕೂಡಲೇ ಹರಿಯುವುದಿಲ್ಲ, ಆದರೆ ಮಗ್ಗ ಮೊದಲಿನಂತೆ ನಡೆಯುವುದಿಲ್ಲ.

ನಡುಕ, ಕಣ್ಣಿನ ಅದುರು, ತುಂಡು ತುಂಡಾದ ಮಾತು, ಇಷ್ಟನ್ನೇ ಶಾರ್ಕೋ ನೋಡಲಿಲ್ಲ. ಹಲವರಲ್ಲಿ ನೆನಪು ಕುಂದುತ್ತದೆ, ವಿಚಾರ ನಿಧಾನವಾಗುತ್ತದೆ ಎಂದೂ ಬರೆದರು. ಆದರೆ ಮದ್ದು ಮಾತ್ರ ಸಿಗಲಿಲ್ಲ. ಹಿಸ್ಟೀರಿಯಾ ಎಂದು ಕರೆದು ಹೆಂಗಸರನ್ನು ತುಂಬಿದ ಸಭೆಯ ಮುಂದೆ ನಿಲ್ಲಿಸಿದ್ದಕ್ಕೆ ಅವರ ಮೇಲೆ ಟೀಕೆಯೂ ಇದೆ. 1893ರ ಆಗಸ್ಟ್ 16ರಂದು ತೀರಿಕೊಂಡರು.

ಮನಸ್ಸಿನ ಬಗ್ಗೆ ಅವರು ಬರೆದದ್ದು ಬಹುಕಾಲ ಮೂಲೆಗೆ ಬಿತ್ತು. ಎಷ್ಟು ದೂರ ನಡೆಯುತ್ತಾರೆ ಎನ್ನುವುದೇ ಕಾಯಿಲೆಯ ಮುಖ್ಯ ಅಳತೆಯಾಯಿತು. 1991ರಲ್ಲಿ ಅಮೆರಿಕದ ಸ್ಟೀಫನ್ ರಾವ್ ಮತ್ತು ಸಂಗಡಿಗರು 100 ರೋಗಿಗಳನ್ನು ಪರೀಕ್ಷಿಸಿದಾಗ ಶೇ 40ಕ್ಕಿಂತ ಹೆಚ್ಚು ಜನರಲ್ಲಿ ನೆನಪು, ಗಮನ ಅಥವಾ ಯೋಚನೆಯ ವೇಗ ಕುಗ್ಗಿತ್ತು. ದೇಹದ ತೊಂದರೆ ಒಂದೇ ಮಟ್ಟದ್ದಾದರೂ, ಇಂಥವರು ಕೆಲಸ ಕಳೆದುಕೊಳ್ಳುವುದು, ಜನರಿಂದ ದೂರವಾಗುವುದು ಜಾಸ್ತಿ. ಮೊದಲ ಹಂತದಲ್ಲೇ ಇದು ಶುರುವಾಗಬಹುದು ಅಂತಲೂ ಮುಂದೆ ಗೊತ್ತಾಯ್ತು. ಚಿಹ್ನೆಗೆ ಅಂಕಿ ಹೊಂದಿಸುವ 90 ಸೆಕೆಂಡಿನ ಪರೀಕ್ಷೆಯೊಂದು ಅದರ ಸುಳಿವು ಕೊಡುತ್ತದೆ.

ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ. ಅಂದರೆ ನಮ್ಮ ವಯಸ್ಸಿನವರಿಗೇ. ಮೈ ಬಿಸಿಯಾದಾಗ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುತ್ತವೆ. ಜಮಖಂಡಿ, ಮುಧೋಳ, ಬೀಳಗಿಯ ಬೇಸಿಗೆ ಹೇಗಿರುತ್ತದೆ ಅಂತ ನಮಗೆ ಬೇರೆ ಹೇಳಬೇಕಿಲ್ಲ. ಅಲ್ಲಿಯ ಒಬ್ಬ ಹುಡುಗಿಗೆ ಕೆಲವು ದಿನ ಒಂದು ಕಣ್ಣು ಮಂಜಾಗಿ, ಆಮೇಲೆ ಸರಿಹೋಯಿತು ಅನ್ನಿ. ನಂತರ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಮಧ್ಯಾಹ್ನಕ್ಕೇ ದಣಿವು. ನೋಡುವವರಿಗೆ ಆಕೆ ಚೆನ್ನಾಗಿಯೇ ಇದ್ದಾಳೆ. ಅಭ್ಯಾಸದ ಕಡೆ ಲಕ್ಷ್ಯ ಇಲ್ಲ ಅಂತ ಮನೆಯವರೂ ಬೈಯುತ್ತಾರೆ, ಗೆಳತಿಯರೂ ನಗುತ್ತಾರೆ.

ದಣಿವಿಗೆಲ್ಲ ಇದೇ ಕಾರಣ ಅಂತ ಹೆದರಬೇಕಿಲ್ಲ. ಆದರೆ ಕಣ್ಣು ಮಂಜು, ಕೈಕಾಲು ಜೋಮು ಬಂದು ದಿನಗಟ್ಟಲೆ ಉಳಿದರೆ, ತಾನಾಗಿ ಹೋದರೂ ಸರಿ, ನರರೋಗ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಬೆಳಗಾವಿಗೋ ಮಿರಜಿಗೋ ಹೋಗಬೇಕಾದರೂ ಹೋಗಲಿ. ಶಾರ್ಕೋ ಸಾವಿನ ನಂತರ ಕಾಣುತ್ತಿದ್ದ ಕಲೆಗಳನ್ನು ಇವತ್ತು ಎಂಆರ್‌ಐ ಬದುಕಿರುವಾಗಲೇ ತೋರಿಸುತ್ತದೆ. ಪೂರ್ತಿ ಗುಣವಾಗದಿದ್ದರೂ ದಾಳಿ ತಗ್ಗಿಸುವ ಔಷಧಿಗಳಿವೆ, ಬೇಗ ಶುರುವಾದಷ್ಟೂ ಒಳ್ಳೆಯದು. ಇನ್ನು ನಮ್ಮ ಕೈಲಾಗುವುದು ಇಷ್ಟು: ಗೆಳತಿ ನಿಧಾನವಾದರೆ ಸೋಮಾರಿ ಅನ್ನುವ ಮೊದಲು ಏನಾಗ್ತಿದೆ ಅಂತ ಕೇಳೋದು.